ನಾಲ್ಕು ಮನೆ

ಮೂವ್ ಅಂತ ಬರೆಯುತ್ತೇವೆ. ಸುಳ್ಳು.
ಅಲ್ಲಿಂದ ಏನೂ ಕದಲುವುದಿಲ್ಲ.
ಇದ್ದದ್ದು ಇದ್ದಲ್ಲೇ ಇದ್ದು, ಅದರ ನಕಲು ಮಾತ್ರ
ಇನ್ನೊಂದು ಹೆಸರಿನೊಳಗೆ ಹೋಗಿ ಕೂರುತ್ತದೆ.
ಮೊದಲು ಅಲ್ಲಿ ಕೂತಿದ್ದದ್ದು ಏನಾಯಿತು
ಎಂದು ಕೋಬಾಲಿನಲ್ಲಿ ಯಾರೂ ಕೇಳುವುದಿಲ್ಲ.

ಭದ್ರಾವತಿ. ಉಕ್ಕಿನ ಕಾರ್ಖಾನೆಯಲ್ಲಿ
ಏಸಿ ಇದ್ದ ಒಂದೇ ಕೋಣೆ ನಮ್ಮದು,
ಅದೂ ನಮಗಲ್ಲ, ಯಂತ್ರಕ್ಕೆ.
ಏಪ್ರಿಲ್ಲಿನಲ್ಲೂ ಸ್ವೆಟರ್ ಹಾಕಿಕೊಂಡು
ನಾನೂ ಇಕ್ಬಾಲುನ್ನೀಸಾಳೂ
ಆರು ಸಾವಿರ ಜನರ ಸಂಬಳ ಕಟ್ಟುತ್ತಿದ್ದೆವು.
ಹೊರಗೆ ಬಂದರೆ ಕನ್ನಡಕಕ್ಕೆ ಮಂಜು,
ಒರೆಸಿಕೊಂಡರೆ ಚಿಮಣಿ.

ಪ್ರತಿಯೊಬ್ಬರಿಗೂ ಮೊದಲ ಸಾಲು ಒಂದೇ:
ಒಟ್ಟು ಎಂಬ ಹೆಸರಿಗೆ ಸೊನ್ನೆ.
ಫಿಟ್ಟರು, ಫೋರ್‌ಮನ್ನು, ಕ್ಯಾಂಟೀನಿನ ತಂಬಣ್ಣ,
ಎಲ್ಲರೂ ಸೊನ್ನೆಯಿಂದ.
ಮರೆತರೆ ಹಿಂದಿನವನ ದುಡ್ಡು ಮುಂದಿನವನ ಲೆಕ್ಕಕ್ಕೆ.

ಎಂಬತ್ತೆಂಟರಲ್ಲಿ ಹಿಂಬಾಕಿ ಬಂದ ತಿಂಗಳು
ಕ್ರೇನಿನ ಸವರಿಮುತ್ತು ಚೀಟಿ ಹಿಡಿದು ಬಂದ.
ಗಲಾಟೆ ಮಾಡಲಿಲ್ಲ. ಚಪ್ಪಲಿ ಬಾಗಿಲಲ್ಲಿ ಬಿಟ್ಟ
(ಆ ಕೋಣೆಗೆ ಎಲ್ಲರೂ ಬಿಡಬೇಕಿತ್ತು, ದೇವರ ಮನೆಗೆ ಬಿಟ್ಟ ಹಾಗೆ),
ಮೇಜಿನ ಮೇಲೆ ಚೀಟಿ ಹರವಿದ:
೦೨೪೦.೫೦.
ಚೀಟಿಯ ಬೆನ್ನಿಗೆ ಅವನದೇ ಪೆನ್ಸಿಲ್ ಲೆಕ್ಕ:
೧೦೨೪೦.೫೦.
“ಅಮ್ಮಾ, ಮಿಕ್ಕಿದ್ದೆಲ್ಲಾ ಸರಿ ಇದೆ.
ಈ ಒಂದು ಎಲ್ಲಿ ಬಿತ್ತು, ಅಷ್ಟೇ.”

ಹುಡುಕಿದೆ.
ಅಳತೆ ಬರೆದವರು ಶೇಷಗಿರಿ ಜೋಯಿಸರು, ಎಪ್ಪತ್ತೊಂಬತ್ತರಲ್ಲಿ:
ಪಿಕ್ ಒಂಬತ್ತು, ಆವರಣದಲ್ಲಿ ನಾಲ್ಕು, ವಿ, ಒಂಬತ್ತು ಒಂಬತ್ತು.
ಬಿಡಿ ಹತ್ತು ನೂರು ಸಾವಿರ. ನಾಲ್ಕು ಮನೆ.
ಆ ವಿ ಇದೆಯಲ್ಲ, ಅದು ಬಿಂದು;
ಆದರೆ ಕಡತದಲ್ಲಿ ಬಿಂದು ಇರುವುದಿಲ್ಲ,
ಇದೆ ಎಂದು ಬರೆದವರೂ ಓದುವವರೂ ನಂಬಿರಬೇಕು.
ಐದನೆಯ ಮನೆ ಬೇಕಾಗುವ ಸಂಬಳವನ್ನು
ಜೋಯಿಸರು ಕನಸಿನಲ್ಲೂ ಎಣಿಸಿರಲಿಲ್ಲ.

ಸೇರಿಗೆ ಅಕ್ಕಿ ಹೆಚ್ಚಾದರೆ
ಚೆಲ್ಲುವುದು ಕೊನೆಗೆ ಸುರಿದ ಕಾಳು.
ಇಲ್ಲಿ ಹಾಗಲ್ಲ. ಕಾಣದ ಬಿಂದುವಿಗೆ ಕಟ್ಟಿ ಅಳೆಯುತ್ತದೆ:
ಐವತ್ತು ಪೈಸೆ ಜೋಪಾನ,
ಹತ್ತು ಸಾವಿರ ಎಡಗಡೆಯಿಂದ ಬಿದ್ದುಹೋಗುತ್ತದೆ.
ಸದ್ದಿಲ್ಲ. ತಪ್ಪೆಂಬ ಒಂದು ಸಾಲೂ ಇಲ್ಲ.
ಯಂತ್ರದ ಪಾಲಿಗೆ ಸಂಬಳ ಆಗಿದೆ.

ಅವನೊಬ್ಬನೇ ಅಲ್ಲ, ಮೂವತ್ತೊಂದು ಜನ.
ಮಿಕ್ಕವರು ನೇರ ಯೂನಿಯನ್ ಆಫೀಸಿಗೆ ಹೋಗಿದ್ದರು.

ಒಂದು ಮನೆ ಹೆಚ್ಚಿಸೋಣವೆಂದರೆ
ಕಡತದ ಸಾಲು ಉದ್ದವಾಗುತ್ತದೆ,
ಒಬ್ಬನ ಬಾಲ ಇನ್ನೊಬ್ಬನ ತಲೆಗೆ ಅಂಟುತ್ತದೆ.
ರಾತ್ರಿ ಪಾಳಿಯ ಸೈರನ್ ಕೂಗುವವರೆಗೂ
ಅಗಲ ಹಾಳೆಯ ಮೇಲೆ ಸ್ಕೇಲು ಇಟ್ಟು ಕೂತಿದ್ದೆವು.
ಇಕ್ಬಾಲುನ್ನೀಸಾಳ ಬೆರಳು
ಕೊನೆಯ ಸಾಲಿನಲ್ಲಿ ನಿಂತಿತು:
ಫಿಲ್ಲರ್. ಎಂಟು.

ಹೆಸರಿಲ್ಲದ ಎಂಟು ಖಾಲಿ ಮನೆ,
ಒಟ್ಟಿನ ಪಕ್ಕದಲ್ಲೇ.
ಯಾರಿಗೆ ಎಂದು ಜೋಯಿಸರು ಬರೆದಿರಲಿಲ್ಲ.
ತಮಗೆ ಎಣಿಸಲಾಗದ್ದಕ್ಕೆ ಜಾಗ ಬಿಟ್ಟು
ನಿವೃತ್ತರಾಗಿದ್ದರು.
ಬೆಳಿಗ್ಗೆಯಿಂದ ಅವರನ್ನು ಬೈಯುತ್ತಿದ್ದ ನನ್ನ ಬಾಯಿ ಒಣಗಿತು.
ಎಂಟನ್ನು ಏಳು ಮಾಡಿದೆವು. ನಾಲ್ಕನ್ನು ಐದು.

ಮುಂದಿನ ತಿಂಗಳು ಅವನು ಮತ್ತೆ ಬಂದ.
ಮಾಮೂಲು ಸಂಬಳ, ಮಾಮೂಲು ಚೀಟಿ:
೦೩೮೧೨.೦೦.
“ಮುಂದೆ ಈ ಸೊನ್ನೆ ಯಾಕಮ್ಮಾ? ತೆಗೆದುಹಾಕಬಹುದಲ್ಲ?”
ಹಾಕಬಹುದಿತ್ತು. ಅಚ್ಚಿನ ಸಾಲಿನಲ್ಲಿ
ಒಂಬತ್ತರ ಬದಲು ಝಡ್ ಬರೆದರೆ ಮುಗಿಯಿತು.
ನಾನು ಬಾಯಿ ತೆರೆಯುವ ಮೊದಲೇ
ಅವನೇ ಅಂದ, ಚಪ್ಪಲಿಗೆ ಕಾಲು ತೂರಿಸುತ್ತಾ:
“ಇರಲಿ ಬಿಡಿ. ಕೊಕ್ಕೆ ಖಾಲಿ ಹೋಗುವಾಗಲೂ
ಅದರ ಕೆಳಗೆ ನಾವು ಯಾರನ್ನೂ ನಿಲ್ಲೋಕೆ ಬಿಡೋದಿಲ್ಲ.”